ನಾಡಿಪರೀಕ್ಷೆಯಿಂದ ನಾಳದ ಒಳಚಿತ್ರಕ್ಕೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯಿಂದ ಮಠಕ್ಕೆ ಬರುವ ಭಕ್ತರ ಬಾಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಮನೆಯ ಹಿರಿಯರಿಗೆ ಎದೆನೋವು ಬಂದಿತು, ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು, ಆಂಜಿಯೋಗ್ರಾಂ ಮಾಡಿದರು, ನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕೆಂದರು. ಇಷ್ಟು ಎಲ್ಲರಿಗೂ ತಿಳಿದ ಸಂಗತಿ. ಆದರೆ ಅದರ ಮೇಲೆ ನಾಳದ ಒಳಗಿನಿಂದ ಇನ್ನೊಂದು ಚಿತ್ರ ತೆಗೆಯಬೇಕು, ಅದಕ್ಕೆ ಬೇರೆ ವೆಚ್ಚ ತಗಲುತ್ತದೆ ಎಂದಾಗ ಮನಸ್ಸಿನಲ್ಲಿ ಸಂಶಯ ಹುಟ್ಟುತ್ತದೆ. “ಒಂದು ಚಿತ್ರ ತೆಗೆದಾಯಿತಲ್ಲ, ಇನ್ನೊಂದು ಎಂತಕ್ಕೆ ಸ್ವಾಮೀಜಿ?” ಪ್ರಶ್ನೆ ನ್ಯಾಯವಾದುದು. ಇದಕ್ಕೆ ವೈದ್ಯರೇ ಉತ್ತರ ಕೊಡಬೇಕಾದವರು, ಕೊಡುವವರೂ ಇದ್ದಾರೆ. ಆದರೆ ಆಸ್ಪತ್ರೆಯ ಬಾಗಿಲಿನಲ್ಲಿ ನಿಂತು ಕೇಳುವ ಅರ್ಧ ಗಳಿಗೆಯ ಮಾತಿನಲ್ಲಿ ಅದು ಮನಸ್ಸಿಗೆ ಇಳಿಯುವುದಿಲ್ಲ. ಈ ಎರಡನೆಯ ಚಿತ್ರ ಎಲ್ಲಿಂದ ಬಂದಿತು, ಯಾವ ಕೊರತೆಯನ್ನು ತುಂಬಲು ಬಂದಿತು ಎಂಬ ಇತಿಹಾಸವನ್ನು ತಿಳಿದರೆ ಸಂಶಯದ ಬಹುಭಾಗ ತಾನಾಗಿ ಕರಗುತ್ತದೆ. ಉಳಿಯುವ ಭಾಗ ಯಾವುದೆಂಬುದೂ ಸ್ಪಷ್ಟವಾಗುತ್ತದೆ.

ನಮ್ಮ ದೇಶದ ಪ್ರಾಚೀನ ವೈದ್ಯರು ಜೀವಂತ ದೇಹದ ರಕ್ತನಾಳವನ್ನು ಹೊರಗಿನಿಂದ ಬಲ್ಲವರು. ಸುಶ್ರುತ ಸಂಹಿತೆಯು ದೇಹದಲ್ಲಿ 700 ಸಿರೆಗಳನ್ನೂ 24 ಧಮನಿಗಳನ್ನೂ ಎಣಿಸಿ ಹೇಳುತ್ತದೆ. ಕೈಯ ನಾಡಿಯನ್ನು ಹಿಡಿದು ರೋಗವನ್ನು ನಿರ್ಣಯಿಸುವ ಕ್ರಮವಾದರೋ ಚರಕ ಸುಶ್ರುತರಲ್ಲಿ ಕಾಣುವುದಿಲ್ಲ. ಅದು ಶಾರ್ಙ್ಗಧರ ಸಂಹಿತೆಯ ಕಾಲಕ್ಕೆ ಶಾಸ್ತ್ರದ ರೂಪ ತಾಳಿತು. ಆಂಧ್ರದೇಶದ ವೀರಶೈವ ವೈದ್ಯ ಬಸವರಾಜನು ರಚಿಸಿದ ‘ಬಸವರಾಜೀಯ’ವೂ ನಾಡೀಪರೀಕ್ಷೆಗೆ ಪ್ರಮುಖ ಸ್ಥಾನವನ್ನಿತ್ತಿದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನು ಚಿಕಿತ್ಸೆಯನ್ನೇ ಕಾಯಕವಾಗಿ ಮಾಡಿಕೊಂಡವನು. ಇವರೆಲ್ಲರ ಅನುಭವ ಗೌರವಕ್ಕೆ ಅರ್ಹವಾದುದು. ಆದರೆ ಇಂದಿನ ಪ್ರತಿಯೊಂದು ಯಂತ್ರವೂ ನಮ್ಮ ಗ್ರಂಥಗಳಲ್ಲಿ ಆಗಲೇ ಅಡಗಿತ್ತೆಂದು ಸಾಧಿಸಹೊರಡುವ ವಾದ ನಮಗೆ ಒಪ್ಪಿಗೆಯಾಗದು. ಬೆರಳಿಗೆ ಸಿಕ್ಕಿದ್ದನ್ನು ಅವರು ಬರೆದರು, ಸಿಕ್ಕದ್ದನ್ನು ಊಹಿಸಿದರು. ಬೆರಳು ನಾಳದ ಬಡಿತವನ್ನು ತಿಳಿಯಬಲ್ಲದಲ್ಲದೆ ನಾಳದ ಒಳಗೋಡೆಯನ್ನು ತಿಳಿಯಲಾರದು.

ಪಶ್ಚಿಮದಲ್ಲಿಯೂ ಬಹುಕಾಲ ಇದೇ ಸ್ಥಿತಿ ಇದ್ದಿತು. ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುತ್ತದೆಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದನು. ಆದರೆ ಜೀವಂತ ಮನುಷ್ಯನ ನಾಳದೊಳಕ್ಕೆ ಕಣ್ಣು ಹಾಯಿಸುವ ದಾರಿ ತೆರೆದುದು 1895ರ ನವೆಂಬರಿನಲ್ಲಿ, ಜರ್ಮನಿಯ ರಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ. ಮರುವರ್ಷದ ಜನವರಿಯಲ್ಲಿಯೇ ವಿಯೆನ್ನಾದ ಇಬ್ಬರು, ಶಸ್ತ್ರಕ್ರಿಯೆಯಲ್ಲಿ ಕತ್ತರಿಸಿ ತೆಗೆದ ಒಂದು ಕೈಯ ನಾಳಗಳಿಗೆ ಕ್ಷ-ಕಿರಣವನ್ನು ತಡೆಯುವ ದ್ರಾವಣವನ್ನು ತುಂಬಿ ಅದರ ಚಿತ್ರವನ್ನು ತೆಗೆದರು. ನಾಳವೇನೋ ಬೇರಿನ ಕವಲಿನಂತೆ ಮೂಡಿತು, ಆದರೆ ಕೈ ನಿರ್ಜೀವವಾದುದು. ಜೀವವಿರುವ ದೇಹದ ಹೃದಯಕ್ಕೆ ನಳಿಕೆಯನ್ನು ಹೊಗಿಸುವ ಸಾಹಸ ಆಗಲು ಇನ್ನೂ ಮೂವತ್ತು ವರ್ಷಗಳು ಕಳೆಯಬೇಕಾಯಿತು.

1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನಿದ್ದನು. ಹೃದಯಕ್ಕೆ ನೇರವಾಗಿ ಔಷಧ ಮುಟ್ಟಿಸಬೇಕೆಂಬುದು ಅವನ ಹಂಬಲ. ಮೇಲಧಿಕಾರಿ ಅನುಮತಿಯನ್ನು ಕೊಡಲಿಲ್ಲ. ತನ್ನ ಮೇಲೆಯೇ ಪ್ರಯೋಗ ನಡೆಯಲೆಂದು ಒಪ್ಪಿಕೊಂಡ ದಾದಿಯೊಬ್ಬಳನ್ನು ಮೇಜಿಗೆ ಕಟ್ಟಿ ಮಲಗಿಸಿ, ಅವಳ ಕಣ್ಣು ತಪ್ಪಿಸಿ, ಅವನು ತನ್ನ ಎಡತೋಳಿನ ನಾಳವನ್ನೇ ಕೊಯ್ದು ಮೂತ್ರನಾಳಕ್ಕೆ ಬಳಸುವ ತೆಳುವಾದ ನಳಿಕೆಯನ್ನು ಒಳಕ್ಕೆ ತೂರಿಸಿಕೊಂಡನು. ಹಾಗೆಯೇ ನಡೆದುಹೋಗಿ ಕ್ಷ-ಕಿರಣದ ಕೋಣೆಯಲ್ಲಿ ನಳಿಕೆಯ ತುದಿ ಹೃದಯವನ್ನು ಮುಟ್ಟಿದುದರ ಚಿತ್ರವನ್ನು ತೆಗೆಸಿದನು. ದೊರೆತ ಮನ್ನಣೆ ಏನು? ಹೃದಯದ ಕೆಲಸವನ್ನೇ ಬಿಟ್ಟು ಮೂತ್ರರೋಗ ಚಿಕಿತ್ಸಕನಾಗಿ ಹಳ್ಳಿಗಾಡಿನಲ್ಲಿ ಬದುಕಬೇಕಾಯಿತು. 1956ರಲ್ಲಿ ಆ ವಿಧಾನವನ್ನು ಮುಂದುವರಿಸಿದ ಕೂರ್ನಾಂಡ್, ರಿಚರ್ಡ್ಸ್ ಎಂಬ ಇಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು. ಇದೇ ಮನುಷ್ಯ ನಾಜಿ ಪಕ್ಷದ ಸದಸ್ಯನೂ ಆಗಿದ್ದನೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಧೈರ್ಯವೂ ವಿವೇಕವೂ ಒಂದೇ ಮನೆಯಲ್ಲಿ ವಾಸಿಸಬೇಕೆಂಬ ನಿಯಮವಿಲ್ಲ.

ಹೃದಯಕ್ಕೇ ರಕ್ತವನ್ನು ಒದಗಿಸುವ ಕೊರೊನರಿ ನಾಳಗಳ ಚಿತ್ರ ಸಿಕ್ಕಿದುದು ಆಕಸ್ಮಿಕವಾಗಿ. 1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಡಾ. ಮೇಸನ್ ಸೋನ್ಸ್ ಒಬ್ಬ ತರುಣನ ಮಹಾಪಧಮನಿಗೆ ದ್ರಾವಣವನ್ನು ಬಿಡಲು ಸಿದ್ಧನಾಗಿದ್ದಾಗ, ನಳಿಕೆಯ ತುದಿ ಜಾರಿ ಬಲ ಕೊರೊನರಿ ನಾಳದ ಬಾಯಿಗೆ ಸೇರಿಹೋಗಿತ್ತು. ಆ ಸಣ್ಣ ನಾಳಕ್ಕೆ ಅಷ್ಟು ದ್ರಾವಣ ಹೊಕ್ಕರೆ ಸಾವು ನಿಶ್ಚಿತವೆಂಬುದು ಅಂದಿನ ನಂಬಿಕೆ. ಹೃದಯ ಕ್ಷಣಕಾಲ ನಿಂತಿತು. ರೋಗಿ ಕೆಮ್ಮಿದಾಗ ಮತ್ತೆ ನಡೆಯಿತು. ಸಾವಿನ ಬದಲು ಒಂದು ಹೊಸ ಪರೀಕ್ಷೆ ಹುಟ್ಟಿತು. ಇಂದು ನಾವು ಆಂಜಿಯೋಗ್ರಾಂ ಎನ್ನುವುದು ಇದನ್ನೇ. ಮುಂದೆ ಜರ್ಮನಿಯಿಂದ ಸ್ವಿಟ್ಜರ್ಲೆಂಡಿಗೆ ಬಂದು ನೆಲೆಸಿದ ಆಂಡ್ರಿಯಾಸ್ ಗ್ರುಂಟ್‌ಸಿಗ್ ತನ್ನ ಮನೆಯ ಅಡಿಗೆಕೋಣೆಯಲ್ಲಿ ಕುಳಿತು ನಳಿಕೆಗೆ ಬಲೂನನ್ನು ಅಂಟಿಸುವ ಪ್ರಯೋಗ ಮಾಡಿ, 1977ರ ಸೆಪ್ಟೆಂಬರ್ 16ರಂದು ಜೂರಿಚ್‌ನಲ್ಲಿ ಕಟ್ಟಿದ ಕೊರೊನರಿ ನಾಳವನ್ನು ಎದೆ ಸೀಳದೆ ಬಲೂನಿನಿಂದ ಅಗಲಿಸಿದನು. 1986ರಲ್ಲಿ ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವೈದ್ಯರು ಹೀಗೆ ಅಗಲಿಸಿದ ನಾಳ ಮತ್ತೆ ಮುಚ್ಚಿಕೊಳ್ಳದಂತೆ ಲೋಹದ ಜಾಲರಿಯನ್ನು ಒಳಗಿಟ್ಟರು. ಅದೇ ಸ್ಟೆಂಟ್.

ಇಲ್ಲಿಯವರೆಗಿನ ಕಥೆ ಜಯದ ಕಥೆಯಂತೆ ಕಾಣುತ್ತದೆ. ಆದರೆ ಈ ಜಯದ ಬುಡದಲ್ಲಿ ಒಂದು ದೊಡ್ಡ ಕೊರತೆ ಇದ್ದಿತು. ಆಂಜಿಯೋಗ್ರಾಂನಲ್ಲಿ ಕಾಣುವುದು ನಾಳವಲ್ಲ, ನಾಳದಲ್ಲಿ ಹರಿಯುವ ದ್ರಾವಣದ ನೆರಳು. ತೊಗಲುಗೊಂಬೆಯಾಟದ ಪರದೆಯ ಮೇಲೆ ಬಿದ್ದ ನೆರಳಿನಿಂದ ಗೊಂಬೆಯ ಅಂಚು ತಿಳಿಯಬಹುದು, ದಪ್ಪ ತಿಳಿಯುವುದೆ? ದ್ರಾವಣದ ಧಾರೆ ಎಲ್ಲಿ ಸಣ್ಣದಾಗಿದೆಯೋ ಅಲ್ಲಿ ನಾಳ ಕಟ್ಟಿದೆ ಎಂದು ವೈದ್ಯನು ಊಹಿಸಬೇಕು. ಗೋಡೆಯಲ್ಲಿ ಏನು ಸೇರಿದೆ, ಜಿಡ್ಡೋ ಸುಣ್ಣವೋ, ಎಷ್ಟು ದಪ್ಪವಾಗಿ ಸೇರಿದೆ ಎಂಬುದು ನೆರಳಿನಲ್ಲಿ ಬರುವುದಿಲ್ಲ. ಒಂದೇ ಆಂಜಿಯೋಗ್ರಾಂ ನೋಡಿ ಒಬ್ಬ ತಜ್ಞನು ಅರ್ಧ ಕಟ್ಟಿದೆ ಎಂದರೆ ಇನ್ನೊಬ್ಬನು ಮುಕ್ಕಾಲು ಎನ್ನುವ ಪ್ರಸಂಗ ಅಪರೂಪವಾಗಿರಲಿಲ್ಲ.

1987ರಲ್ಲಿ ಶಿಕಾಗೋ ನಗರದ ಸೀಮೋರ್ ಗ್ಲ್ಯಾಗೋವ್ ಎಂಬ ರೋಗಶಾಸ್ತ್ರಜ್ಞನು ಸತ್ತವರ ಹೃದಯಗಳನ್ನು ಪರಿಶೀಲಿಸಿ ಈ ಕೊರತೆಯ ಆಳವನ್ನು ತೋರಿಸಿಕೊಟ್ಟನು. ನಾಳದ ಗೋಡೆಯಲ್ಲಿ ಜಿಡ್ಡು ಸೇರತೊಡಗಿದಾಗ ನಾಳವು ಸುಮ್ಮನಿರುವುದಿಲ್ಲ. ಒಳದಾರಿ ಕಿರಿದಾಗದಂತೆ ತಾನೇ ಹೊರಕ್ಕೆ ಉಬ್ಬಿಕೊಳ್ಳುತ್ತದೆ. ಸುಮಾರು ಶೇಕಡ 40ರಷ್ಟು ಜಾಗವನ್ನು ಜಿಡ್ಡು ಆಕ್ರಮಿಸುವವರೆಗೂ ರಕ್ತದ ದಾರಿ ಅಷ್ಟಾಗಿ ಕುಗ್ಗುವುದಿಲ್ಲ. ಅಂದರೆ ಗೋಡೆ ರೋಗದಿಂದ ತುಂಬಿದ್ದರೂ ಆಂಜಿಯೋಗ್ರಾಂ ‘ಚೆನ್ನಾಗಿದೆ’ ಎಂದು ಹೇಳಬಹುದು. ಮರುವರ್ಷ, 1988ರಲ್ಲಿ, ಅಮೆರಿಕದ ಎರಡು ತಂಡಗಳು ಹೃದಯಾಘಾತಕ್ಕೆ ಒಳಗಾದವರ ಹಳೆಯ ಆಂಜಿಯೋಗ್ರಾಂಗಳನ್ನು ತೆಗೆದು ನೋಡಿದವು. ಆಘಾತಕ್ಕೆ ಕಾರಣವಾದ ಜಾಗ ಅನೇಕರಲ್ಲಿ ಮೊದಲು ಅಷ್ಟೇನೂ ಕಿರಿದಾಗಿರಲಿಲ್ಲ. ‘ಹೋದ ವರ್ಷ ಪರೀಕ್ಷೆ ಮಾಡಿಸಿದಾಗ ಏನೂ ಇಲ್ಲ ಎಂದಿದ್ದರು, ಈ ವರ್ಷ ಹೀಗಾಯಿತು’ ಎಂದು ಮನೆಯವರು ಕಣ್ಣೀರಿಡುವುದನ್ನು ಕೇಳಿದವರಿಗೆ ಈ ಸಂಶೋಧನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯನು ಸುಳ್ಳಾಡಿರಲಿಲ್ಲ. ನೆರಳು ಅಷ್ಟನ್ನೇ ಹೇಳಿತ್ತು.

ಗೋಡೆಯನ್ನು ನೋಡುವ ಉಪಾಯ ಬಂದುದು ಸಮುದ್ರದಿಂದ. ಇದನ್ನು ನಮ್ಮ ಕರಾವಳಿಯವರು ಬೇಗ ಗ್ರಹಿಸಬಲ್ಲರು. ಸೌಪರ್ಣಿಕಾ, ಚಕ್ರಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಸೇರುತ್ತವೆ. ಭರತದ ಹೊತ್ತಿನಲ್ಲಿ ದಡದಲ್ಲಿ ನಿಂತವನಿಗೆ ನೀರು ಎಲ್ಲೆಡೆ ಒಂದೇ ಸಮನೆ ತುಂಬಿ ಕಾಣುತ್ತದೆ. ಹೂಳು ಎಲ್ಲಿ ಏರಿದೆ, ದೋಣಿ ಎಲ್ಲಿ ತಳ ತಾಗುತ್ತದೆ ಎಂಬುದು ನೀರಿನ ಅಗಲವನ್ನು ನೋಡಿದರೆ ತಿಳಿಯದು. ಹಿಂದಿನವರು ಜಲ್ಲೆಯನ್ನು ಇಳಿಸಿ ಆಳ ನೋಡುತ್ತಿದ್ದರು. ಇಂದಿನ ಬೋಟುಗಳಲ್ಲಿ ಧ್ವನಿಯನ್ನು ಕೆಳಕ್ಕೆ ಕಳುಹಿಸಿ ಅದರ ಮಾರ್ದನಿಯಿಂದ ಆಳವನ್ನೂ ಮೀನಿನ ಗುಂಪನ್ನೂ ತಿಳಿಯುವ ಯಂತ್ರವಿದೆ. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ಬಳಿಕ ನೀರಿನೊಳಗಿನ ಅಡೆತಡೆಗಳನ್ನು ಧ್ವನಿಯಿಂದ ಕಂಡುಹಿಡಿಯುವ ಯತ್ನಗಳು ನಡೆದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಲಾಂಜೆವಿನ್ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಧ್ವನಿಯನ್ನು ಸ್ಫಟಿಕದಿಂದ ಹೊರಡಿಸಿ ಜಲಾಂತರ್ಗಾಮಿಗಳ ಪತ್ತೆಗೆ ಬಳಸಿದನು. ಈ ಧ್ವನಿ ಹೃದಯಕ್ಕೆ ಬಂದುದೂ ಹಡಗುಕಟ್ಟೆಯ ದಾರಿಯಿಂದಲೇ. ಸ್ವೀಡನ್ನಿನ ಲುಂಡ್ ಪಟ್ಟಣದ ವೈದ್ಯ ಎಡ್ಲರ್ ಮತ್ತು ಭೌತಶಾಸ್ತ್ರಜ್ಞ ಹರ್ಟ್ಸ್ 1953ರಲ್ಲಿ ಮಾಲ್ಮೋ ಬಂದರಿನಲ್ಲಿ ಹಡಗಿನ ಲೋಹದಲ್ಲಿ ಬಿರುಕು ಹುಡುಕುವ ಯಂತ್ರವನ್ನು ಎರವಲು ಪಡೆದು ಹೃದಯದ ಚಲನೆಯನ್ನು ನೋಡಲು ಯತ್ನಿಸಿದರು. ಇಂದು ಪ್ರತಿ ಊರಿನಲ್ಲಿಯೂ ಮಾಡುವ ಎಕೋ ಪರೀಕ್ಷೆಯ ಮೂಲ ಇದು.

ಆದರೆ ಎದೆಯ ಮೇಲಿನಿಂದ ಬಿಟ್ಟ ಧ್ವನಿಗೆ ಮೂರು ನಾಲ್ಕು ಮಿಲಿಮೀಟರಿನ ನಾಳದ ಗೋಡೆ ಸಿಕ್ಕುವುದಿಲ್ಲ. ಧ್ವನಿಯ ಯಂತ್ರವೇ ನಾಳದೊಳಕ್ಕೆ ಹೋಗಬೇಕು. ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮಿನಲ್ಲಿ ನಿಕೋಲಾಸ್ ಬೊಮ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲಿ ನಳಿಕೆಯ ತುದಿಯ ಸುತ್ತ 32 ಚಿಕ್ಕ ಧ್ವನಿಬಿಲ್ಲೆಗಳನ್ನು ಜೋಡಿಸಿದರು. ಅದು ಹೃದಯದ ಕೋಣೆಗಳನ್ನು ನೋಡಲೆಂದು ಮಾಡಿದ್ದು. ಕೊರೊನರಿ ನಾಳಕ್ಕೆ ಅದು ದಪ್ಪವಾಯಿತು. ಕ್ಯಾಲಿಫೋರ್ನಿಯಾದ ಪಾಲ್ ಯಾಕ್ ಮೊದಲಾದವರು 1980ರ ದಶಕದಲ್ಲಿ ಒಂದೇ ಬಿಲ್ಲೆಯನ್ನು ನಳಿಕೆಯೊಳಗೆ ತಿರುಗಿಸುವ ಉಪಾಯವನ್ನು ಹೂಡಿ ಅದನ್ನು ಕೊರೊನರಿ ನಾಳಕ್ಕೆ ಹೊಗುವಷ್ಟು ತೆಳುವಾಗಿಸಿದರು. ಇದನ್ನು ವೈದ್ಯರು ಐವಸ್ ಎಂದು ಕರೆಯುತ್ತಾರೆ. ನಾಳದ ಅಡ್ಡಕೊಯ್ತದ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಮರದ ದಿಮ್ಮಿಯನ್ನು ಕೊಯ್ದಾಗ ಉಂಗುರಗಳು ಕಾಣುವಂತೆ ಗೋಡೆಯ ಪದರಗಳು ಕಾಣುತ್ತವೆ. ನಾಳದ ನಿಜವಾದ ಅಗಲ, ಜಿಡ್ಡಿನ ದಪ್ಪ, ಸುಣ್ಣದ ಬಳೆ ಎಲ್ಲವನ್ನೂ ಅಳೆಯಬಹುದು.

ಇಷ್ಟಾದರೂ ಇದು ಕೆಲವು ವರ್ಷ ಕುತೂಹಲದ ವಸ್ತುವಾಗಿಯೇ ಉಳಿಯುತ್ತಿತ್ತೇನೋ. ಅದನ್ನು ಚಿಕಿತ್ಸೆಯ ಕೈದೀವಿಗೆಯಾಗಿ ಮಾಡಿದವನು ಇಟಲಿಯ ಮಿಲಾನ್ ನಗರದ ಆಂಟೋನಿಯೋ ಕೊಲಂಬೋ. ಈ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಡೀ ವಿಷಯದ ತಿರುಳು ಇಲ್ಲಿದೆ. 1990ರ ದಶಕದ ಮೊದಲಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಒಂದು ಭಯವಿದ್ದಿತು. ಕೆಲವರಲ್ಲಿ ದಿನಗಳೊಳಗೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತಿತ್ತು. ಲೋಹವು ಪರವಸ್ತು, ರಕ್ತ ಅದನ್ನು ಸಹಿಸದು ಎಂದು ಭಾವಿಸಿ ವೈದ್ಯರು ಹೆಪ್ಪುಗಟ್ಟದಂತೆ ಹೆಪಾರಿನ್, ವಾರ್ಫರಿನ್ ಮುಂತಾದ ತೀವ್ರ ಔಷಧಗಳನ್ನು ಕೊಡುತ್ತಿದ್ದರು. ಅದರಿಂದ ಅನೇಕರಿಗೆ ರಕ್ತಸ್ರಾವವಾಗುತ್ತಿತ್ತು, ಆಸ್ಪತ್ರೆಯ ವಾಸ ಬೆಳೆಯುತ್ತಿತ್ತು. ಸ್ಟೆಂಟ್ ಎಂಬ ಉಪಾಯವನ್ನೇ ಕೈಬಿಡಬೇಕೇನೋ ಎಂಬ ಮಾತು ಕೂಡ ಹುಟ್ಟಿತ್ತು. ಕೊಲಂಬೋ ಮತ್ತು ಸಂಗಡಿಗರು ಸ್ಟೆಂಟ್ ಹಾಕಿದ ಮೇಲೆ ಐವಸ್ ನಳಿಕೆಯನ್ನು ಒಳಕ್ಕಿಳಿಸಿ ನೋಡಿದರು. ಆಂಜಿಯೋಗ್ರಾಂನಲ್ಲಿ ಅತ್ಯಂತ ಸುಂದರವಾಗಿ ಕಂಡ ಸ್ಟೆಂಟು ಒಳಗಿನಿಂದ ನೋಡಿದಾಗ ಪೂರ್ತಿ ಅರಳಿಯೇ ಇರಲಿಲ್ಲ! ಅದರ ಕಡ್ಡಿಗಳು ಗೋಡೆಗೆ ತಾಗದೆ ರಕ್ತದ ಪ್ರವಾಹದಲ್ಲಿ ತೇಲುತ್ತಿದ್ದವು. ಜಾಲರಿಯ ಸಂದಿನಲ್ಲಿ ದ್ರಾವಣ ಹರಿದುಹೋಗುತ್ತಿದ್ದುದರಿಂದ ನೆರಳು ಮಾತ್ರ ಅಗಲವಾಗಿ ಬೀಳುತ್ತಿತ್ತು. ಲೋಹದ ದೋಷವಲ್ಲ, ಅಳತೆಯ ದೋಷ. ಬಲೂನನ್ನು ಹೆಚ್ಚಿನ ಒತ್ತಡದಿಂದ ಉಬ್ಬಿಸಿ ಸ್ಟೆಂಟು ಗೋಡೆಗೆ ಕೂಡುವಂತೆ ಮಾಡಿದಾಗ ತೀವ್ರ ಔಷಧಗಳ ಅಗತ್ಯವೇ ಇಲ್ಲವಾಯಿತು. ರಕ್ತದ ತಟ್ಟೆಕಣಗಳನ್ನು ತಡೆಯುವ ಸಾಮಾನ್ಯ ಮಾತ್ರೆಗಳು ಸಾಕಾದವು. 359 ರೋಗಿಗಳ ಈ ಅನುಭವ 1995ರಲ್ಲಿ ಪ್ರಕಟವಾಯಿತು. ಅಂದಿನಿಂದ ಜಗತ್ತಿನ ಎಲ್ಲೆಡೆ ಸ್ಟೆಂಟ್ ಹಾಕುವ ಕ್ರಮವೇ ಬದಲಾಯಿತು. ಇಂದು ಎರಡು ಮೂರು ದಿನಗಳಲ್ಲಿ ಮನೆಗೆ ಮರಳುವ ಪ್ರತಿಯೊಬ್ಬ ರೋಗಿಯೂ, ಅವನಿಗೆ ಒಳಚಿತ್ರ ತೆಗೆದಿರಲಿ ಬಿಡಲಿ, ಆ ಮಿಲಾನಿನ ಒಳಚಿತ್ರದ ಋಣಿಯೇ.

ಧ್ವನಿಯ ಅನಂತರ ಬೆಳಕು ಬಂದಿತು. 1991ರಲ್ಲಿ ಅಮೆರಿಕದ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೋಟೋ, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಮೊದಲು ಕಣ್ಣಿನ ವೈದ್ಯಕ್ಕೆ ಹೆಚ್ಚು ಒದಗಿತು, ಆಮೇಲೆ ರಕ್ತನಾಳಕ್ಕೂ ಬಂದಿತು. ಇದರ ಹೆಸರು ಓಸಿಟಿ. ಕಣ್ಣಿಗೆ ಕಾಣದ ಅವಕೆಂಪು ಬೆಳಕು ಗೋಡೆಗೆ ತಾಗಿ ಮರಳುವುದನ್ನು ಅಳೆದು ಚಿತ್ರ ಮಾಡುತ್ತಾರೆ. ಧ್ವನಿಯ ಚಿತ್ರಕ್ಕಿಂತ ಸುಮಾರು ಹತ್ತುಪಟ್ಟು ಸೂಕ್ಷ್ಮ. ಆದರೆ ಗೋಡೆಯೊಳಗೆ ಒಂದೆರಡು ಮಿಲಿಮೀಟರಿಗಿಂತ ಆಳಕ್ಕೆ ಇಳಿಯದು, ರಕ್ತದ ಮೂಲಕ ಹಾಯದು. ಆದುದರಿಂದ ಕ್ಷಣಕಾಲ ರಕ್ತವನ್ನು ದ್ರಾವಣದಿಂದ ತೊಳೆದು ನೋಡಬೇಕು. ಮೂತ್ರಪಿಂಡ ದುರ್ಬಲವಾದವರಿಗೆ ಆ ದ್ರಾವಣ ಹಿತವಲ್ಲ. ಅಂಥವರಿಗೆ ಧ್ವನಿಯ ಚಿತ್ರವೇ ಮೇಲು. ಅದರ ನೆರವಿನಿಂದ ಆಂಜಿಯೋಗ್ರಾಂನ ದ್ರಾವಣವನ್ನೂ ಕಡಮೆ ಮಾಡಬಹುದು. ಸಕ್ಕರೆ ಕಾಯಿಲೆಯಿಂದಲೋ ಬೀಡಿಯಿಂದಲೋ ಕಾಲಿನ ನಾಳ ಕಟ್ಟಿ ಬೆರಳು ಕಪ್ಪಾಗುವವರ ಚಿಕಿತ್ಸೆಯಲ್ಲಿಯೂ ಇದೇ ನಳಿಕೆಗಳು ಬಳಕೆಗೆ ಬಂದಿವೆ.

ಈ ಎರಡನೆಯ ಚಿತ್ರದಿಂದ ರೋಗಿಗೆ ನಿಜವಾಗಿ ಪ್ರಯೋಜನವುಂಟೆ, ಅಥವಾ ವೈದ್ಯನ ಕಣ್ಣಿಗೆ ಹಬ್ಬವಷ್ಟೆಯೆ? ವಿಶ್ವವಿದ್ಯಾಲಯದಲ್ಲಿ ಕಲಿತವನು ಕೇಳಲೇಬೇಕಾದ ಪ್ರಶ್ನೆ ಇದು. 2018ರಲ್ಲಿ ಚೀನಾದಲ್ಲಿ 1448 ರೋಗಿಗಳನ್ನು ಎರಡು ಪಂಗಡಗಳಾಗಿ ಮಾಡಿ ನೋಡಿದರು. ಒಂದು ವರ್ಷದೊಳಗೆ ಚಿಕಿತ್ಸೆ ಪಡೆದ ನಾಳ ಮತ್ತೆ ಕೈಕೊಟ್ಟುದು ಐವಸ್ ನೋಡಿ ಸ್ಟೆಂಟ್ ಹಾಕಿದವರಲ್ಲಿ ಶೇಕಡ 2.9, ಬರಿಯ ಆಂಜಿಯೋಗ್ರಾಂ ನೋಡಿ ಹಾಕಿದವರಲ್ಲಿ 5.4. 2023ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ ವರದಿ ಇನ್ನೂ ಮಹತ್ತ್ವದ್ದು. ಅಲ್ಲಿ ಆರಿಸಿದ 1639 ಮಂದಿಯೂ ಜಟಿಲವಾದ ನಾಳರೋಗದವರು. ಸುಮಾರು ಎರಡು ವರ್ಷಗಳ ಬಳಿಕ ಒಳಚಿತ್ರದ ಪಂಗಡದಲ್ಲಿ ಶೇಕಡ 7.7, ಇನ್ನೊಂದರಲ್ಲಿ 12.3, ಹೃದಯದ ಕಾರಣದಿಂದ ಸತ್ತವರು ಕ್ರಮವಾಗಿ 1.7 ಮತ್ತು 3.8. ಅದೇ ವರ್ಷ ಓಸಿಟಿಯನ್ನು ಕುರಿತ ಇನ್ನೊಂದು ದೊಡ್ಡ ಪರೀಕ್ಷೆಯಲ್ಲಿ ಸ್ಟೆಂಟು ಹೆಚ್ಚು ಅರಳಿದ್ದು ಕಂಡರೂ ಒಟ್ಟಾರೆ ಫಲದಲ್ಲಿ ಗಣನೀಯವಾದ ಅಂತರ ಸಿದ್ಧವಾಗಲಿಲ್ಲ ಎಂಬುದನ್ನೂ ಹೇಳಬೇಕು. ಎಲ್ಲವನ್ನೂ ತೂಗಿ ನೋಡಿದ ಐರೋಪ್ಯ ಹೃದ್ರೋಗ ಸಂಘವು 2024ರಲ್ಲಿ, ಎಡಭಾಗದ ಮುಖ್ಯ ನಾಳ, ಕವಲೊಡೆಯುವ ಜಾಗ, ಉದ್ದನೆಯ ಕಟ್ಟು ಮುಂತಾದ ಜಟಿಲ ಸಂದರ್ಭಗಳಲ್ಲಿ ಒಳಚಿತ್ರ ನೋಡಿಯೇ ಸ್ಟೆಂಟ್ ಹಾಕಬೇಕೆಂದು ಅತ್ಯುಚ್ಚ ದರ್ಜೆಯ ಶಿಫಾರಸನ್ನು ಮಾಡಿತು. 2025ರಲ್ಲಿ ಅಮೆರಿಕದ ಸಂಘಗಳೂ ಹೃದಯಾಘಾತದ ಚಿಕಿತ್ಸೆಯಲ್ಲಿ ಇಂಥ ಸಂದರ್ಭಗಳಿಗೆ ಅದೇ ದರ್ಜೆಯನ್ನು ಕೊಟ್ಟವು.

ಆದುದರಿಂದ ‘ಎಂತಕ್ಕೆ’ ಎಂಬ ಪ್ರಶ್ನೆಗೆ ಉತ್ತರ ಹೀಗೆ: ಮೊದಲನೆಯ ಚಿತ್ರ ದಾರಿಯನ್ನು ತೋರಿಸುತ್ತದೆ, ಎರಡನೆಯದು ಗೋಡೆಯನ್ನು. ಸ್ಟೆಂಟ್ ಹಾಕುವ ಮೊದಲು ನೋಡಿದರೆ ಎಷ್ಟು ಅಗಲದ, ಎಷ್ಟು ಉದ್ದದ ಸ್ಟೆಂಟ್ ಬೇಕೆಂಬುದು ತಿಳಿಯುತ್ತದೆ; ಸುಣ್ಣದ ಬಳೆಯಿದ್ದರೆ ಅದನ್ನು ಮೊದಲು ಒಡೆಯಬೇಕೆಂಬುದು ತಿಳಿಯುತ್ತದೆ. ಹಾಕಿದ ಮೇಲೆ ನೋಡಿದರೆ ಅದು ಸರಿಯಾಗಿ ಅರಳಿ ಗೋಡೆಗೆ ಕೂತಿದೆಯೆ, ಅಂಚಿನಲ್ಲಿ ಗೋಡೆ ಸೀಳಿದೆಯೆ ಎಂಬುದು. ಆದರೆ ಸ್ಟೆಂಟ್ ಬೇಕೆ ಬೇಡವೆ ಎಂಬ ಮೂಲಪ್ರಶ್ನೆಗೆ ಈ ಚಿತ್ರವೊಂದೇ ಉತ್ತರವಲ್ಲ. ಆಘಾತವಾಗದೆ, ನಡೆದಾಗ ಮಾತ್ರ ಎದೆ ಬಿಗಿಯುವ ಸ್ಥಿರವಾದ ರೋಗದಲ್ಲಿ ಸ್ಟೆಂಟು ಔಷಧಕ್ಕಿಂತ ಆಯುಸ್ಸನ್ನು ಹೆಚ್ಚಿಸಿತೆಂದು 2020ರಲ್ಲಿ ಪ್ರಕಟವಾದ, 5179 ರೋಗಿಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿಯೂ ಸಿದ್ಧವಾಗಲಿಲ್ಲ. ಹಾಗೆಯೇ ಚಿಕ್ಕದಾದ ಸರಳ ಕಟ್ಟಿಗೆ ಒಳಚಿತ್ರ ಬೇಡವೆಂದು ವೈದ್ಯರು ಹೇಳಿದರೆ ಅದು ಅಲಕ್ಷ್ಯವೆಂದು ತಿಳಿಯಬಾರದು.

ಕರ್ನಾಟಕದಲ್ಲಿ ಹೃದ್ರೋಗ ಚಿಕಿತ್ಸೆ ನೆಲೆಯೂರಿದ ಚರಿತ್ರೆಯಲ್ಲಿ ನಮ್ಮ ಪರಂಪರೆಗೂ ಒಂದು ಪಾಲುಂಟು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೆಸರನ್ನು ನಿತ್ಯವೂ ಉಚ್ಚರಿಸುವ ಸಾವಿರಾರು ಜನರಿಗೆ ಆ ಜಯದೇವರು ಯಾರೆಂಬುದು ತಿಳಿಯದು. ಚಿತ್ರದುರ್ಗದ ಮುರುಘರಾಜೇಂದ್ರ ಬೃಹನ್ಮಠದ ಪೀಠದಲ್ಲಿದ್ದು, ನಾಡಿನ ಅನೇಕ ಊರುಗಳಲ್ಲಿ ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯಗಳನ್ನು ತೆರೆದ ಲಿಂಗೈಕ್ಯ ಜಯದೇವ ಜಗದ್ಗುರುಗಳ ಹೆಸರದು. 1972ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಆರಂಭವಾದ ಆ ಸಂಸ್ಥೆ ಇಂದು ಸರಕಾರದ ಸ್ವಾಯತ್ತ ಸಂಸ್ಥೆಯಾಗಿ ಬೆಳೆದು ಮೈಸೂರು, ಕಲಬುರಗಿಗಳಲ್ಲಿಯೂ ಶಾಖೆಗಳನ್ನು ಹೊಂದಿದೆ. ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ಅದರ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥರು ಚಿಕಿತ್ಸೆ ಮೊದಲು, ಹಣ ಆಮೇಲೆ ಎಂಬ ನೀತಿಯನ್ನು ಅಲ್ಲಿ ಪಾಲಿಸಿಕೊಂಡು ಬಂದರು. ದಾಸೋಹವೆಂಬುದು ಅನ್ನದ ಪಂಕ್ತಿಗಷ್ಟೇ ಸೀಮಿತವಲ್ಲವೆಂದು ಬಲ್ಲವರಿಗೆ ಆ ಹೆಸರು ಅಲ್ಲಿ ಸಲ್ಲುತ್ತದೆ.

ಕರಾವಳಿಯ ಕಥೆ ಬೇರೆ. 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ, ಉಡುಪಿ ಇನ್ನೂ ಜಿಲ್ಲೆಯಾಗಿರಲಿಲ್ಲ; ಅದು ಆದುದು 1997ರಲ್ಲಿ. ಬೈಂದೂರು ಕುಂದಾಪುರ ತಾಲೂಕಿಗೂ ಬ್ರಹ್ಮಾವರ ಉಡುಪಿ ತಾಲೂಕಿಗೂ ಸೇರಿದ್ದವು. ಹೊಳೆಗಳಿಗೆ ಸೇತುವೆ ಬರುವ ಮುನ್ನ ಕಡವುಗಳಲ್ಲಿ ದೋಣಿ ಕಾಯುತ್ತ ಕಳೆದ ಹೊತ್ತು ಎಷ್ಟು ಜೀವಗಳನ್ನು ನುಂಗಿತೋ! ಇಂದು ಹೆದ್ದಾರಿ ಇದೆ. ಆದರೂ ಬ್ರಹ್ಮಾವರದವನಿಗೆ ಮಣಿಪಾಲ ಅರ್ಧ ಗಂಟೆಯ ದಾರಿಯಾದರೆ ಬೈಂದೂರಿನವನಿಗೆ ಸುಮಾರು 70 ಕಿಲೋಮೀಟರು. ಕೊಲ್ಲೂರು, ಅಮಾಸೆಬೈಲು, ಹೊಸಂಗಡಿಯ ಕಡೆಯ ಘಟ್ಟದ ತಪ್ಪಲಿನ ಮನೆಗಳಿಂದ ಮಳೆಗಾಲದ ರಾತ್ರಿಯಲ್ಲಿ ಹೆದ್ದಾರಿಗೆ ಬಂದು ಸೇರುವುದೇ ಒಂದು ಪ್ರಯಾಣ. ಹೃದಯಾಘಾತವೆಂದು ತಿಳಿದ 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಾಗದಿದ್ದರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಹತ್ತಿರದಲ್ಲಿಯೇ ಕೊಟ್ಟು ಆಮೇಲೆ ಕಳುಹಿಸಬೇಕೆಂಬುದು ವೈದ್ಯಶಾಸ್ತ್ರದ ಇಂದಿನ ನಿಯಮ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕಾರ್ಯದಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳು ಬಂದವು. ಅಲ್ಲಿಯ ವೈದ್ಯರು ಇಸಿಜಿಯನ್ನು ವಾಟ್ಸಾಪ್ ಮೂಲಕ ತಜ್ಞರಿಗೆ ಕಳುಹಿಸಿ ಸಲಹೆ ಪಡೆಯುವಂತಾಯಿತು. 2023ರಲ್ಲಿ ರಾಜ್ಯ ಸರಕಾರ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ಘೋಷಿಸಿದ ‘ಹೃದಯ ಜ್ಯೋತಿ’ ಯೋಜನೆಯ ಉದ್ದೇಶವೂ ಇದೇ: ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಬೆಲೆಬಾಳುವ ಆ ಚುಚ್ಚುಮದ್ದನ್ನು ಉಚಿತವಾಗಿ ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳುಹಿಸುವುದು. ಒಳಚಿತ್ರದ ಮಾತು ಬರುವುದು ಅಲ್ಲಿಗೆ ತಲುಪಿದ ಮೇಲೆ. ಎದೆನೋವನ್ನು ಗ್ಯಾಸ್ ಎಂದು ತಿಳಿದು ಸೋಡಾ ಕುಡಿದು ಬೆಳಗಾಗಲೆಂದು ಕಾಯುವವನಿಗೆ ಐವಸ್ಸೂ ಇಲ್ಲ, ಓಸಿಟಿಯೂ ಇಲ್ಲ.

ಇನ್ನು ಸಂಶಯದಲ್ಲಿ ಉಳಿದ ಭಾಗ ಹಣದ್ದು. ಅದು ಇತಿಹಾಸದಿಂದ ಕರಗತಕ್ಕುದಲ್ಲ. ಜಪಾನಿನಲ್ಲಿ ಸ್ಟೆಂಟ್ ಹಾಕುವ ಬಹುಪಾಲು ಸಂದರ್ಭಗಳಲ್ಲಿ ಒಳಚಿತ್ರ ತೆಗೆಯುತ್ತಾರೆ. ಅಲ್ಲಿಯ ರಾಷ್ಟ್ರೀಯ ವಿಮೆ ಅದರ ವೆಚ್ಚವನ್ನು ಭರಿಸುತ್ತದೆ. ನಮ್ಮಲ್ಲಿ ವೈದ್ಯನು ಅಗತ್ಯವೆಂದು ಹೇಳಿದರೂ ಮನೆಯವರು ಒಡವೆಯ ಲೆಕ್ಕ ಹಾಕಬೇಕಾಗುತ್ತದೆ. ಸ್ಟೆಂಟಿನ ವಿಷಯದಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇದ್ದಿತು. ಔಷಧ ಲೇಪಿಸಿದ ಸ್ಟೆಂಟುಗಳು ಲಕ್ಷ ರೂಪಾಯಿಯನ್ನು ಮೀರಿ ಮಾರಾಟವಾಗುತ್ತಿದ್ದವು. ಬೀರೇಂದರ್ ಸಾಂಗ್ವಾನ್ ಎಂಬ ವಕೀಲರು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಕ್ಕಾಗಿ ಅರ್ಜಿ ಹೂಡಿದರು. 2016ರಲ್ಲಿ ಸ್ಟೆಂಟನ್ನು ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. 2017ರ ಫೆಬ್ರವರಿಯಲ್ಲಿ ಔಷಧಬೆಲೆ ಪ್ರಾಧಿಕಾರವು ಬರಿಯ ಲೋಹದ ಸ್ಟೆಂಟಿಗೆ 7,260, ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ ಮಿತಿಯನ್ನು ಗೊತ್ತುಮಾಡಿತು. ಮುಂದೆ ಅದು ಕಾಲಕಾಲಕ್ಕೆ ಪರಿಷ್ಕೃತವಾಗುತ್ತ ಬಂದಿದೆ. ಆ ಸ್ಟೆಂಟು ಸರಿಯಾಗಿ ಕೂತಿತೇ ಎಂದು ನೋಡುವ ನಳಿಕೆ ಮಾತ್ರ ಆ ಪಟ್ಟಿಯನ್ನು ಇನ್ನೂ ಸೇರಿಲ್ಲ.